ಪಾಯ ತೋಡುವ ಮೊದಲು: ಹೊಳೆ ಸಾಲಿನ ಊರುಗಳಲ್ಲಿ ಮನೆ ಕಟ್ಟುವವರಿಗೆ

ಚಿಕ್ಕೋಡಿ, ರಾಯಬಾಗ ಕಡೆ ಮನೆ ಕಟ್ಟಿಸಲು ಹೊರಟವರು ಗೌಂಡಿಯನ್ನು ಕೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಸ್ಕ್ವೇರ್ ಫೂಟಿಗೆ ಎಷ್ಟ ತಗೋತೀರಿ?’ ಎರಡನೆಯದು, ‘ಮಳಿಗಾಲದೊಳಗ ಮುಗೀತದೇನ?’ 2019ರ ನೆರೆಯಲ್ಲಿ ಈ ಜಾಗದಲ್ಲಿ ನೀರು ಎಷ್ಟು ನಿಂತಿತ್ತು, ನಾಲ್ಕು ಗೋಡೆಗಳನ್ನು ಒಂದಕ್ಕೊಂದು ಹಿಡಿದಿಡುವುದು ಯಾವುದು ಎಂಬ ಪ್ರಶ್ನೆಗಳು ಬರುವುದು ಗೋಡೆ ಬಿದ್ದ ಮೇಲೆ.

2005, 2019, 2021. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಜನರಿಗೆ ಈ ಮೂರು ವರ್ಷಗಳು ಬಾಯಿಪಾಠ. ಪ್ರತಿ ಸಲವೂ ಮನೆಗಳು ಬಿದ್ದವು, ಪರಿಹಾರ ಬಂತು, ಹಲವರು ಅದೇ ಜಾಗದಲ್ಲಿ, ಅದೇ ಮಣ್ಣಿನ ಗಾರೆಯಲ್ಲಿ ಮತ್ತೆ ಗೋಡೆ ಎಬ್ಬಿಸಿದರು. ಇದನ್ನು ಜನರ ಮೊಂಡುತನ ಎನ್ನುವುದು ಸುಲಭ. ಆದರೆ ಹೊಲ ಒಂದು ಕಡೆ, ಹೊಸ ಸೈಟು ಮೂರು ಮೈಲಿ ಆಚೆ ಎಂದಾಗ ಎಮ್ಮೆ ಕಟ್ಟಿಕೊಂಡವರು ಬೇರೇನು ಮಾಡಿಯಾರು? ಹಾಗಾಗಿ ‘ಊರು ಬಿಡಿ’ ಎಂಬ ಒಂದೇ ಸಲಹೆಗಿಂತ ಸ್ವಲ್ಪ ಹೆಚ್ಚಿನದು ಇಲ್ಲಿಯ ಜನರಿಗೆ ಬೇಕು.

ಹೊಳೆಯ ಭಯ ಇಲ್ಲಿ ಎಲ್ಲರಿಗೂ ಇದೆ. ಭೂಕಂಪದ ಭಯ ಯಾರಿಗೂ ಇಲ್ಲ. ಎರಡೂ ಬರುವ ದಿಕ್ಕು ಮಾತ್ರ ಒಂದೇ. ಚಿಕ್ಕೋಡಿಯಿಂದ ವಾಯವ್ಯಕ್ಕೆ ನೇರ ದೂರದಲ್ಲಿ ಸುಮಾರು 140 ಕಿಲೋಮೀಟರ್ ಹೋದರೆ ಕೊಯ್ನಾನಗರ. ಕರಾಡದಲ್ಲಿ ಕೃಷ್ಣೆಯನ್ನು ಸೇರುವ ಕೊಯ್ನಾ ನದಿಯ ಅಣೆಕಟ್ಟು ಅಲ್ಲಿದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ನೆಲ ನಡುಗಿ ಸುಮಾರು 180 ಜನ ಸತ್ತರು, ಅಣೆಕಟ್ಟಿನ ಮೈಯಲ್ಲೂ ಬಿರುಕು ಬಿತ್ತು. ದಖ್ಖನ್ನಿನ ಬಂಡೆ ಅಲ್ಲಾಡುವುದಿಲ್ಲ ಎಂಬ ನಂಬಿಕೆ ಆಗಲೇ ಮುರಿಯಿತು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿ ಕುಸಿದಾಗ ಆ ಪ್ರದೇಶ ಭೂಕಂಪ ನಕ್ಷೆಯ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. ಸರ್ಕಾರಿ ಲೆಕ್ಕದಲ್ಲೇ ಸುಮಾರು 8,000 ಜನ ಸತ್ತರು. 2002ರ ಪರಿಷ್ಕರಣೆಯಲ್ಲಿ ವಲಯ 1 ಎಂಬುದನ್ನೇ ನಕ್ಷೆಯಿಂದ ತೆಗೆದುಹಾಕಲಾಯಿತು. ಆ ನಕ್ಷೆಯಲ್ಲಿ ಬೆಳಗಾವಿ ಇರುವುದು ವಲಯ 3ರಲ್ಲಿ, ಅಂದರೆ ಮಧ್ಯಮ ಅಪಾಯದ ಪಟ್ಟಿಯಲ್ಲಿ. ಅಥಣಿಯ ಪಕ್ಕದ ವಿಜಯಪುರ ಜಿಲ್ಲೆಯಲ್ಲಿ 2021 ಮತ್ತು 2022ರಲ್ಲಿ ಸಣ್ಣ ಕಂಪನಗಳಿಗೆ ಜನ ಮನೆಯಿಂದ ಹೊರಗೋಡಿ ಬಂದದ್ದು ಹಲವರಿಗೆ ನೆನಪಿರಬಹುದು.

ಗೋಡೆ ಬೀಳುವುದು ಎಲ್ಲಿಂದ?

ಹಸಿ ಇಟ್ಟಿಗೆ ಅಥವಾ ಕಲ್ಲು–ಮಣ್ಣಿನ ಗೋಡೆ ಮೇಲಿನ ಭಾರವನ್ನು ವರ್ಷಗಟ್ಟಲೆ ಹೊರುತ್ತದೆ. ಅಡ್ಡ ತಳ್ಳಿದರೆ ಅದಕ್ಕೆ ತಡೆಯುವ ಶಕ್ತಿ ಇಲ್ಲ. ಭೂಕಂಪ ಮಾಡುವುದು ಅದನ್ನೇ: ನೆಲ ಅತ್ತಿತ್ತ ಸರಿದಾಗ ತನ್ನ ಉದ್ದಕ್ಕೆ ಎಳೆತ ಬಿದ್ದ ಗೋಡೆ ತಾಳಿಕೊಳ್ಳುತ್ತದೆ, ಅಡ್ಡಕ್ಕೆ ಎಳೆತ ಬಿದ್ದದ್ದು ಹೊರಕ್ಕೆ ವಾಲುತ್ತದೆ. ಮೊದಲು ಬಿಡುವುದು ಮೂಲೆ. ಮೂಲೆ ಬಿಟ್ಟಿತೆಂದರೆ ನಾಲ್ಕು ಗೋಡೆ ನಾಲ್ಕು ದಿಕ್ಕು, ಮಾಳಿಗೆ ನಡುವೆ.

ಹೊಳೆಯ ನೀರು ಬುಡದಿಂದ ಶುರು ಮಾಡುತ್ತದೆ. ಎರಡು ದಿನ ನೀರಲ್ಲಿ ನಿಂತ ಮಣ್ಣಿನ ಗೋಡೆಯ ತಳ ಮೆತ್ತಗಾಗುತ್ತದೆ, ಗಾರೆ ಕರಗಿ ಸಂದಿಯಿಂದ ಇಳಿದು ಹೋಗುತ್ತದೆ. ನೀರು ನಿಂತಿರುವಾಗ ಒಳಗಿನ ಹೊರಗಿನ ಒತ್ತಡ ಒಂದನ್ನೊಂದು ತಡೆದಿರುತ್ತದೆ. ಅಪಾಯ ಇರುವುದು ನೀರು ಇಳಿಯುವಾಗ. ಹೊರಗೆ ಬೇಗ ಇಳಿದು ಒಳಗೆ ನಿಂತರೆ ಗೋಡೆ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಆಮೇಲೆ ಬಿಸಿಲು ಬಿದ್ದು ಮಣ್ಣು ಬಿರಿದಾಗ ಮತ್ತೊಮ್ಮೆ. ‘ನೀರು ಇಳೀತು, ಕಸ ಹೊಡಿಯೋಣ’ ಎಂದು ಒಳಹೊಕ್ಕ ದಿನವೇ ಗೋಡೆ ಬೀಳುವುದು ಇದಕ್ಕಾಗಿ. ಹೊಳೆಯೇ ಬರಬೇಕೆಂದೂ ಇಲ್ಲ. 2021ರ ಅಕ್ಟೋಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಬರೀ ಮಳೆಗೆ ನೆನೆದ ಗೋಡೆ ಕುಸಿದು ಏಳು ಜನ ಸತ್ತರು.

ಮೂರನೆಯದು ತಲೆಯ ಮೇಲಿನ ಭಾರ. ನಿಪ್ಪಾಣಿ ಕಡೆ ಮಳೆ ಹೆಚ್ಚು, ಹಂಚಿನ ಮನೆಗಳೂ ಹೆಚ್ಚು. ಅಥಣಿಯ ಮೂಡಣ ಭಾಗಕ್ಕೆ ಹೋದಂತೆ ಮಣ್ಣಿನ ಮಾಳಿಗೆ ಕಾಣುತ್ತದೆ. ಸೋರಬಾರದೆಂದು ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕುವುದು ರೂಢಿ. ಹಳೆಯದನ್ನು ಕೆರೆದು ತೆಗೆಯುವುದು ಅಪರೂಪ. 20 ಅಡಿಗೆ 15 ಅಡಿಯ ಮಾಳಿಗೆಯಲ್ಲಿ ಒಂದು ಅಡಿ ಮಣ್ಣು ಕೂತಿದ್ದರೆ ಅದರ ತೂಕ ಸುಮಾರು 14 ಟನ್. ಕಬ್ಬು ಹೇರಿದ ಟ್ರೇಲರನ್ನು ತೊಲೆಗಳ ಮೇಲೆ ನಿಲ್ಲಿಸಿ ಕೆಳಗೆ ಹಾಸಿಗೆ ಹಾಸಿದ ಹಾಗೆ. ಕಿಲ್ಲಾರಿಯಲ್ಲಿ ಮಲಗಿದ್ದವರ ಮೇಲೆ ಬಿದ್ದದ್ದು ಇಂಥದೇ ಮಾಳಿಗೆ, ದಪ್ಪ ಕಲ್ಲು–ಮಣ್ಣಿನ ಗೋಡೆಗಳ ಜೊತೆ.

ಕಟ್ಟುವವರು ಮಾಡಬೇಕಾದದ್ದು

1. ಮೊದಲು ನೀರಿನ ಗುರುತು ಹುಡುಕಿ. 2019ರ ಗುರುತು ಇನ್ನೂ ಹಲವು ಗೋಡೆಗಳ ಮೇಲೆ ಉಳಿದಿದೆ: ಕೆಸರು ಬಣ್ಣದ ಗೆರೆ, ಅದರ ಕೆಳಗೆ ಸುಣ್ಣ ಉದುರಿ ಉಪ್ಪು ಒಸರಿದ ಪಟ್ಟಿ. ನಿಮ್ಮ ಜಾಗಕ್ಕೆ ಹತ್ತಿರದ ಶಾಲೆ, ಗುಡಿ, ಮಠದ ಗೋಡೆ ನೋಡಿ. ಅಕ್ಕಪಕ್ಕದ ಎರಡು ಮೂರು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿ. ಪ್ಲಾಟ್ ಮಾರುವವನ ಮಾತು ಇದರಲ್ಲಿ ಲೆಕ್ಕಕ್ಕಿಲ್ಲ. ಗೌಂಡಿಯ ನೀರಿನ ಪೈಪಿನಿಂದ ಆ ಮಟ್ಟವನ್ನು ನಿಮ್ಮ ಜಾಗಕ್ಕೆ ತಂದು ಒಂದು ಗೂಟಕ್ಕೆ ಗುರುತು ಮಾಡಿಸಿ. ಮನೆಯ ಫ್ಲೋರಿಂಗ್ ಆ ಗುರುತಿನ ಮೇಲೆ ಬರಬೇಕು. ಕೊಲ್ಹಾಪುರ, ಸಾಂಗ್ಲಿಗೆ ಹೋಗಿ ಬರುವವರು ಅಲ್ಲಿಯ ನೀಲಿ ರೇಖೆ, ಕೆಂಪು ರೇಖೆಯ ಮಾತು ಕೇಳಿರುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಅಂಚು ನೀಲಿ, 100 ವರ್ಷಕ್ಕೊಮ್ಮೆಯದು ಕೆಂಪು. ನಿಮ್ಮ ಊರಲ್ಲಿ ಅಂಥ ಗೆರೆ ಕಾಣದಿದ್ದರೆ 2005, 2019, 2021ರ ಮೂರು ಗುರುತುಗಳಲ್ಲಿ ಅತಿ ಎತ್ತರದ್ದನ್ನೇ ನಿಮ್ಮ ಕೆಂಪು ರೇಖೆ ಎಂದು ಹಿಡಿಯಿರಿ.

2. ಹಳ್ಳ ಎಲ್ಲಿತ್ತು ನೋಡಿ. ಬೇಸಿಗೆಯಲ್ಲಿ ಪ್ಲಾಟ್ ನೋಡಲು ಹೋದರೆ ಹಳ್ಳ ಕಾಣುವುದಿಲ್ಲ, ಜೆಸಿಬಿ ಅದನ್ನು ಸಮ ಮಾಡಿರುತ್ತದೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಬರುತ್ತದೆ. ಅದನ್ನು ಹಿಡಿದು ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ, ದಾರಿ ಎಲ್ಲಿವೆ ಎಂದು ತಾಳೆ ಹಾಕಿ. ಉತಾರದಲ್ಲಿ ‘ಬಿ ಖರಾಬು’ ಎಂದಿರುವ ಗುಂಟೆಗಳು ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯವು. ಎನ್‌ಎ ಆಗದ ಹೊಲದಲ್ಲಿ ಬಾಂಡ್ ಪೇಪರಿನ ಮೇಲೆ ಗುಂಟೆ ಲೆಕ್ಕದಲ್ಲಿ ಕೊಂಡ ಜಾಗಕ್ಕೆ ನಾಳೆ ಸಾಲವೂ ಕಷ್ಟ, ಪರಿಹಾರವೂ ಕಷ್ಟ.

3. ಎರೆಮಣ್ಣಿನ ಮೇಲೆ ಪಾಯ ನಿಲ್ಲಿಸಬೇಡಿ. ಹೊಳೆ ಸಾಲಿನ ಕಪ್ಪು ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಈ ಉಬ್ಬು–ತಗ್ಗಿಗೇ ಗೋಡೆಯಲ್ಲಿ ಸೀಳು ಬಿದ್ದಿದ್ದರೆ ಕಂಪನಕ್ಕೆ ಅರ್ಧ ಕೆಲಸ ಮುಗಿದ ಹಾಗೆಯೇ. ಮುರುಂ ಸಿಗುವತನಕ ತೋಡಿ. ಅದು ತೀರಾ ಆಳದಲ್ಲಿದ್ದರೆ ಇಂಜಿನಿಯರ್ ಸಲಹೆ ಪಡೆಯಿರಿ. ತೋಡಿದ ಕಪ್ಪು ಮಣ್ಣನ್ನೇ ಪಾಯದ ಬದಿಗೂ ಪ್ಲಿಂತ್ ಒಳಗೂ ತುಂಬುವುದನ್ನು ನಿಂತು ತಡೆಯಿರಿ; ಟ್ರ್ಯಾಕ್ಟರ್ ಬಾಡಿಗೆ ಉಳಿಸಲು ಇದು ನಡೆಯುತ್ತಲೇ ಇರುತ್ತದೆ.

4. ಗೋಡೆಗಳಿಗೆ ಕಾಂಕ್ರೀಟ್ ಪಟ್ಟಿ ಕಟ್ಟಿಸಿ. ಒಂದೇ ಒಂದು ಖರ್ಚಿಗೆ ಹಣ ಇದೆ ಎಂದರೆ ಅದು ಇದಕ್ಕೇ ಹೋಗಲಿ. ಪ್ಲಿಂತ್ ಮಟ್ಟದಲ್ಲಿ ಒಂದು, ಬಾಗಿಲು–ಕಿಟಕಿಯ ಮೇಲೆ ಲಿಂಟಲ್ ಮಟ್ಟದಲ್ಲಿ ಒಂದು. ಹಂಚು ಅಥವಾ ತಗಡಿನ ಚಾವಣಿಯಾದರೆ ಗೋಡೆಯ ತಲೆಯ ಮೇಲೆ ಇನ್ನೊಂದು. ಪಟ್ಟಿ ಮನೆಯ ಸುತ್ತ, ಒಳಗೋಡೆಗಳ ಮೇಲೂ, ಎಲ್ಲೂ ತುಂಡಾಗದೆ ಹಾಯಬೇಕು. ಆಗ ಅಡ್ಡಕ್ಕೆ ವಾಲುವ ಗೋಡೆಯನ್ನು ಉದ್ದಕ್ಕಿರುವ ಗೋಡೆ ಹಿಡಿದುಕೊಳ್ಳುತ್ತದೆ, ನಾಲ್ಕೂ ಕೂಡಿ ಒಂದು ಪೆಟ್ಟಿಗೆಯಾಗಿ ಅಲ್ಲಾಡುತ್ತವೆ. ಸಣ್ಣ ಮನೆಗೆ ಕನಿಷ್ಠ ಮೂರು ಇಂಚು ದಪ್ಪದ ಕಾಂಕ್ರೀಟು, ಅದರೊಳಗೆ 8 ಮಿಲಿಮೀಟರಿನ ಎರಡು ಸರಳು, ಆರಾರು ಇಂಚಿಗೆ ಕಟ್ಟಿದ 6 ಮಿಲಿಮೀಟರಿನ ಕೊಂಡಿ. ಕೋಣೆ ದೊಡ್ಡದಾದರೆ ಸರಳು ಹೆಚ್ಚುತ್ತದೆ. ಮೂಲೆಯಲ್ಲಿ ಸರಳನ್ನು ಬಗ್ಗಿಸಿ ಪಕ್ಕದ ಗೋಡೆಯೊಳಗೆ ಉದ್ದಕ್ಕೆ ಒಯ್ಯಬೇಕು. ಮೂಲೆಗೇ ಕತ್ತರಿಸಿ ನಿಲ್ಲಿಸಿದರೆ ಪಟ್ಟಿ ಇದ್ದೂ ಇಲ್ಲದಂತೆ. ಕಿಟಕಿಯ ಮೇಲಷ್ಟೇ ತುಂಡು ಲಿಂಟಲ್ ಹಾಕುವುದು ನಮ್ಮಲ್ಲಿಯ ರೂಢಿ. ಅದನ್ನು ಮನೆ ಸುತ್ತ ಮುಂದುವರಿಸುವುದಷ್ಟೇ ಇಲ್ಲಿಯ ಹೆಚ್ಚುವರಿ ಕೆಲಸ.

5. ಕಲ್ಲಿನ ಗೋಡೆ ಕಟ್ಟುವುದಾದರೆ ದಪ್ಪ ಒಂದೂವರೆ ಅಡಿ ದಾಟದಿರಲಿ. ಹಳೆಯ ಎರಡು–ಎರಡೂವರೆ ಅಡಿ ಗೋಡೆ ನೋಡಲು ಕೋಟೆ. ಒಳಗೆ ಎರಡು ಪದರ ಕಲ್ಲು, ನಡುವೆ ಚೂರು–ಮಣ್ಣು ತುರುಕಿದ್ದು. ಅಲ್ಲಾಡಿದಾಗ ಪದರಗಳು ಬಿಟ್ಟು ಒಂದು ಹೊರಗೆ, ಒಂದು ಒಳಗೆ ಬೀಳುತ್ತವೆ. ಎತ್ತರದಲ್ಲಿ ಎರಡು ಅಡಿಗೊಮ್ಮೆ, ಉದ್ದದಲ್ಲಿ ನಾಲ್ಕು ಅಡಿಗೊಮ್ಮೆ ಗೋಡೆಯ ಇಡೀ ದಪ್ಪಕ್ಕೆ ಹಾಯುವ ಉದ್ದ ಕಲ್ಲು ಕೂರಿಸಿ. ಅಂಥ ಕಲ್ಲು ಸಿಗದಿದ್ದರೆ ನಡುವೆ ಸರಳಿಟ್ಟ ಕಾಂಕ್ರೀಟ್ ತುಂಡು ಎರೆದು ಬಳಸಬಹುದು.

6. ಬಾಗಿಲು, ಕಿಟಕಿ ಮೂಲೆಯಿಂದ ಕನಿಷ್ಠ ಎರಡು ಅಡಿ ದೂರ ಇರಲಿ. ಅವುಗಳ ಒಟ್ಟು ಅಗಲ ಗೋಡೆಯ ಉದ್ದದ ಅರ್ಧ ದಾಟಬಾರದು.

7. ಪಿಲ್ಲರ್ ಮನೆಯಾದರೆ ರಿಂಗ್ ನೋಡಿ. ಸೆಂಟ್ರಿಂಗ್ ಹಲಗೆ ಮುಚ್ಚುವ ಮೊದಲು ಐದು ನಿಮಿಷ ಸಾಕು. ರಿಂಗಿನ ಎರಡು ತುದಿಗಳು ಪಿಲ್ಲರಿನ ಹೊಟ್ಟೆಯೊಳಕ್ಕೆ ಓರೆಯಾಗಿ, 135 ಡಿಗ್ರಿಗೆ ಮಡಚಿರಬೇಕು. ಬರೀ ಲಂಬಕೋನಕ್ಕೆ ಮಡಚಿ ತಂತಿ ಸುತ್ತಿದ್ದರೆ, ಅಲ್ಲಾಟಕ್ಕೆ ಹೊರಗಿನ ಸಿಮೆಂಟ್ ಉದುರಿದೊಡನೆ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದ ಸರಳು ಹೊರಕ್ಕೆ ಬಾಗುತ್ತದೆ. ಪಿಲ್ಲರಿನ ಬುಡ ಮತ್ತು ತಲೆಯ ಹತ್ತಿರ ರಿಂಗುಗಳು ನಾಲ್ಕು ಇಂಚಿಗಿಂತ ದೂರ ಇರಬಾರದು. ಗೌಂಡಿ ‘ನಾವು ಹಿಂಗ ಮಾಡ್ಕೋತ ಬಂದೇವ್ರಿ’ ಎಂದಾನು. ಸ್ಟೀಲು ಬಹಳ ಹೆಚ್ಚೇನೂ ಬೇಕಿಲ್ಲ ಮಾವಾ, ತುದಿ ಮಡಚುವ ರೀತಿ, ರಿಂಗಿನ ಅಂತರ ಬದಲಾದರೆ ಸಾಕು ಎಂದರೆ ಆತನಿಗೂ ಒಪ್ಪಿಗೆಯಾಗುತ್ತದೆ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೊಳೆಗೆ ಹೆದರಿ ಮನೆಯನ್ನು ಬರೀ ಪಿಲ್ಲರುಗಳ ಮೇಲೆ ಎತ್ತಿ ಕೆಳಗೆ ಪೂರ್ತಿ ತೆರೆದಿಟ್ಟರೆ, ಭೂಕಂಪಕ್ಕೆ ಅದೇ ಅತಿ ದುರ್ಬಲ ಮನೆ. ಮೇಲೆ ಗೋಡೆಗಳಿಂದ ಬಿಗಿಯಾದ ಅಂತಸ್ತು, ಕೆಳಗೆ ಬರೀ ಕಾಲು. ಅಲ್ಲಾಟವೆಲ್ಲ ಆ ಕಾಲುಗಳ ಪಾಲಿಗೆ. 2001ರ ಜನವರಿ 26ರಂದು ಕಛ್‌ನಲ್ಲಿ ನೆಲ ನಡುಗಿದಾಗ 200ಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಅಹಮದಾಬಾದಿನಲ್ಲಿ ಬಿದ್ದ ಬಹುಮಹಡಿ ಕಟ್ಟಡಗಳಲ್ಲಿ ಇಂಥ ತೆರೆದ ನೆಲ ಅಂತಸ್ತಿನವು ಬಹಳ ಇದ್ದವು. ನಿಪ್ಪಾಣಿ, ಚಿಕ್ಕೋಡಿ ಪೇಟೆಯಲ್ಲಿ ಕೆಳಗೆ ಶಟರ್ ಅಂಗಡಿ ಸಾಲು, ಮೇಲೆ ಎರಡು ಅಂತಸ್ತು ಮನೆ ಕಟ್ಟುವವರಿಗೂ ಇದೇ ಮಾತು. ಕೆಳಗೆ ಎರಡೂ ದಿಕ್ಕಿಗೆ ಒಂದಷ್ಟು ಗಟ್ಟಿ ಗೋಡೆ ಬೇಕು, ಪಿಲ್ಲರ್ ಲೆಕ್ಕ ಇಂಜಿನಿಯರ್ ಕೈಯಿಂದಲೇ ಆಗಬೇಕು. ಹೊಳೆ ಸಾಲಿನಲ್ಲಿ ಒಂದೇ ಅಂತಸ್ತಿನ ಮನೆಗೆ ಕಾಲುಗಳಿಗಿಂತ ಮುರುಂ ತುಂಬಿ ದಮ್ಮಸು ಹೊಡೆದ ಎತ್ತರದ ಕಲ್ಲಿನ ಪ್ಲಿಂತ್ ಮೇಲು. ಅದರ ಎತ್ತರ ಐದಾರು ಅಡಿ ದಾಟುವಂತಿದ್ದರೆ ಆ ಜಾಗವನ್ನೇ ಬಿಡುವುದು ವಾಸಿ. ಹೊಲ ಬಿಡಲಾಗದವರು ಹೊಲದಲ್ಲಿ ದನದ ಶೆಡ್ಡು, ಸಾಮಾನು ಇಟ್ಟುಕೊಂಡು ಮಲಗುವ ಮನೆ, ಕಾಳು, ಕಾಗದಪತ್ರಗಳನ್ನು ಎತ್ತರದ ಸೈಟಿಗೆ ಒಯ್ಯಬಹುದು.

ಹಳೆಯ ಮನೆಯಲ್ಲೇ ಇರುವವರಿಗೆ

ಎಲ್ಲರಿಗೂ ಹೊಸ ಮನೆ ಕಟ್ಟಲಾಗದು. ಇರುವ ಮನೆಯಲ್ಲಿ ಮೊದಲ ಕೆಲಸ ಮಾಳಿಗೆಯ ಭಾರ ಇಳಿಸುವುದು: ಹಳೆಯ ಮಣ್ಣು ತೆಗೆದು ತೆಳುವಾದ ಪದರ ಹಾಕಿ, ಅಥವಾ ತಗಡಿಗೆ ಹೋಗಿ. ತಗಡು ಹಾಕಿದ ಮೇಲೆ ಗಾಳಿಗೆ ಹಾರದಂತೆ ಕಲ್ಲು ಹೇರುವುದು ಬೇಡ. ಬೋಲ್ಟ್ ಹಾಕಿ ಕಟ್ಟಿಸಿ. ಲಿಂಟಲ್ ಮಟ್ಟದಲ್ಲಿ ಗೋಡೆಯ ಎರಡೂ ಬದಿಗೆ ವೆಲ್ಡ್ ಜಾಳಿಗೆಯ ಪಟ್ಟಿ ಹೊಡೆದು, ಅಲ್ಲಲ್ಲಿ ಗೋಡೆ ಕೊರೆದು ಎರಡನ್ನೂ ತಂತಿಯಿಂದ ಜೋಡಿಸಿ, ಮೇಲೆ ಸಿಮೆಂಟ್ ಗಿಲಾಯ ಮಾಡಿಸಿದರೆ ಪಟ್ಟಿಯ ಕೆಲಸ ಬಹುಮಟ್ಟಿಗೆ ಆಗುತ್ತದೆ. ಮೂಲೆಗಳಲ್ಲಿ ಮೇಲಿಂದ ಕೆಳಗಿನವರೆಗೂ ಇದೇ ಜಾಳಿಗೆ ಇಳಿಸಿ. ಇದು ಇಟ್ಟಿಗೆ, ಕಲ್ಲಿನ ಗೋಡೆಗೆ ಹೊಂದುತ್ತದೆ. ಬರೀ ಹಸಿ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಹಿಡಿಯುವುದಿಲ್ಲ, ಒಳಗಿನ ತೇವ ಹೊರಗೆ ಹೋಗದೆ ಬುಡ ಇನ್ನಷ್ಟು ಕೊಳೆಯುತ್ತದೆ. ನಿಪ್ಪಾಣಿಯ ಹಳೆ ತಂಬಾಕು ವಖಾರಿಗಳ ಎತ್ತರದ ಗೋಡೆಗೆ ಒತ್ತಿ ಮನೆ, ಅಂಗಡಿ ಮಾಡಿಕೊಂಡವರು ಆ ಗೋಡೆಯ ಹೊಟ್ಟೆ ಉಬ್ಬಿದೆಯೇ ಎಂದು ವರ್ಷಕ್ಕೊಮ್ಮೆ ತೂಕದ ದಾರ ಇಳಿಬಿಟ್ಟು ನೋಡಲಿ.

ಪದೇ ಪದೇ ಆಗುವ ತಪ್ಪುಗಳು

ಒಂದು ಅಂತಸ್ತಿನ ಪಾಯಕ್ಕೆ ಮೂರು ಅಂತಸ್ತು ಏರಿಸುವುದು. ಮಗ ದುಡಿಯಲು ಶುರುಮಾಡಿದ ವರ್ಷ ಒಂದು, ಮದುವೆಯ ವರ್ಷ ಇನ್ನೊಂದು; ಪಿಲ್ಲರು ಮಾತ್ರ ಹಳೆಯವೇ.

ಮಿಕ್ಸರಿಗೆ ನೀರು ಸುರಿಯುವುದು. ಮಾಲು ನೀರಾಗಿದ್ದರೆ ಹಾಕುವವರಿಗೆ ಹಗುರ, ಸ್ಲ್ಯಾಬಿಗೆ ಹಾನಿ. ಮೇಲೆ ಏಳು ದಿನವೂ ನೀರುಣಿಸುವುದಿಲ್ಲ. ಕಬ್ಬಿಗೆ ನೀರು ಬಿಡಲು ರಾತ್ರಿ ಕರೆಂಟಿಗೆ ಎದ್ದು ಕೂರುವ ಜನ ಸ್ಲ್ಯಾಬಿಗೆ ನೀರು ಹೊಡೆಯಲು ಬೇಸರಪಡುವುದು ಸೋಜಿಗ.

ಎರಡು ವರ್ಷ ಹೊಳೆ ಬರಲಿಲ್ಲವೆಂದು 2019 ಮತ್ತೆ ಬಾರದೆಂದು ನಂಬುವುದು.

ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುವುದು. ಪರಿಹಾರದ ಹಣ ಕಾಗದದಲ್ಲಿ ಹೆಸರಿದ್ದವರಿಗೆ ಬರುತ್ತದೆ. ಬಿದ್ದ ಮನೆಯ ಮುಂದೆ ನಿಂತು ಅಣ್ಣ–ತಮ್ಮಂದಿರು ವಾಟ್ನಿ ಮಾತಾಡುವ ಹೊತ್ತಿಗೆ ಅರ್ಜಿಯ ದಿನ ದಾಟಿರುತ್ತದೆ. ಇ-ಸ್ವತ್ತು ಉತಾರ ಮಾಡಿಸಿಕೊಳ್ಳುವುದು ಬೇಸಿಗೆಯ ಕೆಲಸ.

ನೀರು ಬಂದಾಗ, ನೆಲ ನಡುಗಿದಾಗ

ಹೊಳೆ ಮುನ್ಸೂಚನೆ ಕೊಟ್ಟೇ ಬರುತ್ತದೆ. ಘಟ್ಟದ ಮಳೆ, ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು, ರಾಜಾಪುರ ಬ್ಯಾರೇಜಿನ ಹರಿವು, ಅದಕ್ಕೆ ದೂಧಗಂಗೆ ಸೇರಿ ಕಲ್ಲೋಳದಲ್ಲಿ ಆಗುವ ಒಟ್ಟು — ದಿನವೂ ಪತ್ರಿಕೆಯಲ್ಲಿ ಬರುವ ಈ ಸಂಖ್ಯೆಗಳನ್ನು ನಿಮ್ಮ ಊರಿನ ಅನುಭವಕ್ಕೆ ಹೊಂದಿಸಿಕೊಳ್ಳಿ. ರಾಜಾಪುರದಲ್ಲಿ ಎಷ್ಟು ಕ್ಯುಸೆಕ್ ಆದಾಗ ನಿಮ್ಮ ಓಣಿಗೆ ನೀರು ಬಂದಿತ್ತು ಎಂಬುದನ್ನು ಗೋಡೆಯ ಮೇಲೆ ಬರೆದಿಡಿ. ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ ಸೇತುವೆಗಳು ಮೊದಲೇ ಮುಳುಗುವಂಥವು. ಕುಡಚಿ–ಉಗಾರ ಸೇತುವೆಯ ಮೇಲೆ ನೀರು ಹರಿದರೆ ರಾಯಬಾಗಕ್ಕೂ ಕಾಗವಾಡಕ್ಕೂ ಸುತ್ತುದಾರಿಯೇ ಗತಿ. 2019 ಮತ್ತು 2021ರಲ್ಲಿ ನಿಪ್ಪಾಣಿ ಬಳಿ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಬಂದಾಯಿತು. ಬಸುರಿ, ಬಾಣಂತಿ, ಡಯಾಲಿಸಿಸ್‌ನವರು ಮನೆಯಲ್ಲಿದ್ದರೆ ಸೇತುವೆ ಮುಳುಗುವ ಮೊದಲೇ ಆಸ್ಪತ್ರೆ ಇರುವ ದಂಡೆಗೆ ಹೋಗಿರಬೇಕು. ತೋಟದ ಮನೆಯವರು ತಡಮಾಡುವುದು ದನಕ್ಕಾಗಿ. ದನ ಒಯ್ಯುವ ಎತ್ತರದ ಜಾಗ, ಮೇವಿನ ಏರ್ಪಾಟು ಜೂನಿನಲ್ಲೇ ಗೊತ್ತಾಗಿದ್ದರೆ ಮನುಷ್ಯರೂ ಬೇಗ ಹೊರಡುತ್ತಾರೆ.

ನೀರು ಇಳಿದ ಮೇಲೆ ಮಣ್ಣಿನ ಮನೆಗೆ ತಕ್ಷಣ ಹೋಗಬೇಡಿ. ಹೊರಗಿಂದ ಸುತ್ತು ಹಾಕಿ ಬುಡ, ಮೂಲೆ ನೋಡಿ. ವಾಲಿದ್ದರೆ ಮರದ ಆನಿಕೆ ಕೊಡಿ. ಮೇನ್ ಸ್ವಿಚ್ ಆರಿಸಿಯೇ ಇರಲಿ, ವೈರಿಂಗ್ ಪರೀಕ್ಷೆಯಾಗುವವರೆಗೆ.

ಭೂಕಂಪಕ್ಕೆ ಮುನ್ಸೂಚನೆ ಇಲ್ಲ. ಪಟ್ಟಿ, ಪಿಲ್ಲರ್ ಸರಿಯಿರುವ ಮನೆಯಲ್ಲಿ ಓಡದೆ ಗಟ್ಟಿ ಮೇಜಿನ ಕೆಳಗೆ ಬಾಗಿ, ತಲೆ ಮುಚ್ಚಿ, ಮೇಜಿನ ಕಾಲು ಹಿಡಿದು ಕೂರುವುದು ಸರಿ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಗಿಲು ಎರಡು ಹೆಜ್ಜೆಯಲ್ಲಿದ್ದರೆ ಹೊರಗೆ ಬಯಲಿಗೆ ಹೋಗುವುದೇ ಒಳಿತು. ಇಕ್ಕಟ್ಟಿನ ಓಣಿಯಲ್ಲಿ ನಿಲ್ಲಬೇಡಿ, ಎದುರು ಗೋಡೆ ಅಲ್ಲಿಗೇ ಬೀಳುತ್ತದೆ.

ಪಂಚಾಯಿತಿಯಲ್ಲಿ ಕೇಳಬೇಕಾದದ್ದು

ಒಂದು ಮನೆ ಗಟ್ಟಿಯಾಗಿ ಊರಿನ ಹಳ್ಳ ಮುಚ್ಚಿದ್ದರೆ ಪ್ರಯೋಜನ ಅಷ್ಟಕ್ಕಷ್ಟೇ. ಗ್ರಾಮ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆ ಗ್ರಾಮಸಭೆಯ ಮುಂದೆ ಬಂದಾಗ ಮೂರು ಬೇಡಿಕೆ ಬರೆದು ಕೊಡಿ: 2019ರ ನೀರಿನ ಮಟ್ಟವನ್ನು ಶಾಲೆ, ಕಂಬ, ಗುಡಿಗಳ ಮೇಲೆ ಬಣ್ಣದಲ್ಲಿ ಶಾಶ್ವತವಾಗಿ ಬರೆಸುವುದು, ಆ ಗೆರೆಯ ಕೆಳಗೆ ಹೊಸ ಶಾಲೆ, ಅಂಗನವಾಡಿ, ಆಸ್ಪತ್ರೆ ಕಟ್ಟದಿರುವುದು, ರಸ್ತೆ ಎತ್ತರಿಸುವಾಗ ನೀರು ದಾಟುವ ಮೋರಿಗಳನ್ನು ಹಿರಿದಾಗಿಸುವುದು. ಮೂರನೆಯದನ್ನು ಮರೆತರೆ ಹೊಸ ರಸ್ತೆಯೇ ಒಡ್ಡಾಗಿ ನೀರನ್ನು ನಿಮ್ಮ ಓಣಿಯಲ್ಲೇ ನಿಲ್ಲಿಸುತ್ತದೆ. ಪೇಟೆಯವರು ಹೊಸ ಲೇಔಟಿಗೆ ಮಂಜೂರಾತಿ ಕೊಡುವಾಗ ಹಳ್ಳದ ಜಾಗ ಬಿಟ್ಟಿದ್ದಾರೆಯೇ ಎಂದು ನಗರಸಭೆ, ಪುರಸಭೆಯಲ್ಲಿ ನಕ್ಷೆ ಕೇಳಿ ನೋಡಬಹುದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಪಂಚಾಯಿತಿ ಕಿವಿಗೊಡದಿದ್ದರೆ ಅದೇ ಅರ್ಜಿಯ ಪ್ರತಿ ಅಲ್ಲಿಗೂ ಹೋಗಲಿ.

ತುರ್ತಿಗೆ 112, ಜಿಲ್ಲಾ ವಿಪತ್ತು ಸಹಾಯವಾಣಿ 1077. ಮಳೆ–ಹವೆಯ ಮಾಹಿತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ 92433 45433.

ಹಾನಿಯಾದರೆ

2019ರ ನೆರೆಯಲ್ಲಿ ಬಿದ್ದ ಮನೆಗಳನ್ನು ಹಾನಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಪೂರ್ತಿ ಬಿದ್ದ ಎ ವರ್ಗಕ್ಕೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಜಗಳವಾದದ್ದೆಲ್ಲ ಈ ಅಕ್ಷರದ ಮೇಲೆ. ಆದ್ದರಿಂದ ಈಗಲೇ ಮನೆಯ ನಾಲ್ಕೂ ಹೊರಮೈ, ಪ್ರತಿ ಕೋಣೆ, ಚಾವಣಿಯ ಫೋಟೋ ತೆಗೆದು ಬೇರೆ ಊರಿನ ನೆಂಟರ ಫೋನಿಗೂ ಕಳಿಸಿಡಿ. ಹಾನಿಯಾದ ಮೇಲೆ ಅದೇ ಕೋನದಿಂದ ಮತ್ತೆ ತೆಗೆಯಿರಿ. ಸರ್ವೆಗೆ ತಲಾಠಿ, ಪಿಡಿಒ, ಇಂಜಿನಿಯರ್ ಬರುವವರೆಗೆ ಬಿದ್ದದ್ದನ್ನು ಪೂರ್ತಿ ಬಳಿದು ಹಾಕಬೇಡಿ. ಅವರು ಬಂದಾಗ ಮನೆಯ ಹಿಂಬದಿಯ ಗೋಡೆಯನ್ನೂ ಕರೆದೊಯ್ದು ತೋರಿಸಿ. ಯಾವ ವರ್ಗ ಬರೆದುಕೊಂಡರೆಂದು ಅಲ್ಲೇ ಕೇಳಿ. ಒಪ್ಪಿಗೆಯಾಗದಿದ್ದರೆ ಫೋಟೋ ಲಗತ್ತಿಸಿ ತಹಶೀಲ್ದಾರರಿಗೆ ಮರುಸರ್ವೆಯ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಳ್ಳಿ. ಪಕ್ಕಾ ಮನೆ ಇದ್ದವರು 2021ರ ಏಪ್ರಿಲಿನಿಂದ ವಿಮಾ ಕಂಪನಿಗಳು ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ವಿಚಾರಿಸಬಹುದು; ಬೆಂಕಿ, ನೆರೆ, ಭೂಕಂಪ ಮೂರೂ ಅದರಲ್ಲಿ ಸೇರಿವೆ.